ಇಸ್ತ್ರಿ ಮೇಜು ಬಿಟ್ಟ ತಂಗಿ

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮೊದಲು ಅಪ್ಪ ನಡೆಸುತ್ತಿದ್ದ, ಈಗ ನಾನು ನಡೆಸುತ್ತೇನೆ. ಈ ಕೆಲಸ ಮಾಡುವವನು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಜನ ಬಾಯಲ್ಲಿ ಹೇಳುತ್ತಾರೆ, ನಾವು ಕೈಯಲ್ಲಿ ಹಿಡಿದು ನೋಡುತ್ತೇವೆ. ಮರ್ಯಾದಸ್ಥರ ಕಾಲರಿನ ಹಿಂಬದಿ ಎಷ್ಟು ಕೊಳೆ ಇರುತ್ತದೆ, ಕುಡಿಯುವುದು ಬಿಟ್ಟೆ ಎನ್ನುವವನ ಅಂಗಿ ಯಾವ ವಾಸನೆ ಹೊಡೆಯುತ್ತದೆ, ಎಲ್ಲ ನಮಗೆ ಗೊತ್ತು. ಕಲೆಯನ್ನು ನೋಡಿದರೆ ಸಾಕು, ಅದು ಚಹಾದ್ದೋ ತುಕ್ಕಿನದೋ ಔಷಧಿಯದೋ ನಾನು ಹೇಳಬಲ್ಲೆ. ಕಲೆ ಕಂಡರೆ ಕೈ ಸುಮ್ಮನಿರಬಾರದು ಎನ್ನುವುದು ಅಪ್ಪನ ಮಾತು. ಅದಕ್ಕೇ ನಮ್ಮ ಮನೆಯಲ್ಲಿ ಯಾರು ಎಲ್ಲಿಗೆ ಹೋದರೂ ಕಲೆ ತೆಗೆಯುವ ಸ್ಪಿರಿಟ್‌ನ ಸಣ್ಣ ಶೀಸೆಯೊಂದು, ಒಂದಿಷ್ಟು ಹತ್ತಿ ಚೀಲದಲ್ಲಿ ಇದ್ದೇ ಇರುತ್ತದೆ. ನೆಂಟರ ಮನೆಗೆ ಹೋದಾಗಲೂ ನನ್ನ ಕಣ್ಣು ಅವರ ಮುಖಕ್ಕಿಂತ ಮೊದಲು ಅವರ ತೋಳಿನ ಮೇಲೆ ಹೋಗುತ್ತದೆ. ಹೆಂಡತಿ ಬೈಯುತ್ತಾಳೆ. ಬೈದರೇನು, ಅಭ್ಯಾಸ.

ಇದು ನನ್ನ ತಂಗಿಯ ಕಥೆ. ನನಗಿಂತ ಬಹಳ ಚಿಕ್ಕವಳು, ಆದರೂ ನಲವತ್ತರ ಹತ್ತಿರ. ಅಪ್ಪ ಅವಳನ್ನು ಇಲಿಮರಿ ಎಂದು ಕರೆಯುತ್ತಿದ್ದ. ಹೊರಗಿನವರು ಯಾರಾದರೂ ಬಂದರೆ ಸಾಕು, ಎಲ್ಲಿ ಹೋದಳು ಎಂದು ಹುಡುಕಬೇಕಾಗುತ್ತಿತ್ತು. ಮದುವೆ ಮಾಡಿ ಕಳಿಸಿದೆವು. ಗಂಡನ ಮನೆಯಲ್ಲಿ ಹೊಡೆಯಲಿಲ್ಲವಂತೆ, ಬಡಿಯಲಿಲ್ಲವಂತೆ. ಬೆಳಗಾಗೆದ್ದರೆ, "ನಿನ್ನ ಕೈಯಲ್ಲಿ ಏನಾಗುತ್ತೆ ಬಿಡು" ಎನ್ನುವ ಒಂದೇ ಮಾತು. ನೀರು ಬಿದ್ದೂ ಬಿದ್ದೂ ಕಲ್ಲು ಸವೆಯುವ ಹಾಗೆ ಆ ಮಾತಿಗೆ ಇವಳು ಸವೆದಳು. ಕೊನೆಗೊಂದು ದಿನ ಒಂದೇ ಚೀಲ ಹಿಡಿದುಕೊಂಡು ವಾಪಸು ಬಂದಳು. ನಾನು ಹೋಗಿ ಆ ಮನೆಯವರ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿ ಬಂದೆ. ಅದರಿಂದ ಅವಳಿಗೆ ಏನೂ ಉಪಯೋಗವಾಗಲಿಲ್ಲ. ನನ್ನ ಗಂಟಲು ಕಟ್ಟಿತು, ಅಷ್ಟೇ.

ಅಂದಿನಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು ಅವಳದು. ಕೆಲಸ ಚೆನ್ನಾಗಿ ಮಾಡುತ್ತಿದ್ದಳು. ಆದರೆ ಗಿರಾಕಿ ಬಂದು ಏನಾದರೂ ಕೇಳಿದರೆ, ನೇತುಹಾಕಿದ ಕೋಟುಗಳ ಹಿಂದಿನಿಂದ, "ಅಣ್ಣ ಬರ್ತಾನೆ, ಅಣ್ಣನ್ನ ಕೇಳಿ" ಎನ್ನುವ ದನಿ ಮಾತ್ರ ಬರುತ್ತಿತ್ತು. ಅಲ್ಲಿ ಹೆಂಗಸು ಇದ್ದಾಳೋ ಕೋಟೇ ಮಾತಾಡಿತೋ ಎಂದು ಹೊಸ ಗಿರಾಕಿಗಳು ಗಾಬರಿಯಾದದ್ದೂ ಉಂಟು.

ನಮ್ಮ ಬೀದಿಯ ತುದಿಯಲ್ಲಿ ಒಂದು ಜಿಮ್ ಶುರುವಾಯಿತು. ಅದನ್ನು ನಡೆಸುವವನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ಮೂವತ್ತು ದಾಟಿದ ಆಳು, ಕುತ್ತಿಗೆ ಯಾವುದು ಭುಜ ಯಾವುದು ಎಂದು ಹೇಳುವುದು ಕಷ್ಟ. ಅಲ್ಲಿನ ಬೆವರಿನ ಟವೆಲ್ಲುಗಳು ನಮ್ಮಲ್ಲಿಗೆ ಒಗೆಯಲು ಬರುತ್ತಿದ್ದವು. ಒಗೆದ ಗಂಟನ್ನು ಬೆಳಗ್ಗೆ ತಲುಪಿಸುವ ಕೆಲಸವನ್ನು ತಂಗಿಗೆ ಹೇಳಿದ್ದೆ. ಅಷ್ಟು ಹೊತ್ತಿನಲ್ಲಿ ಜನ ಇರುವುದಿಲ್ಲ, ಇಟ್ಟು ಬಂದರಾಯಿತು ಎಂದು ಅವಳೂ ಒಪ್ಪಿದ್ದಳು.

ಮೊದಮೊದಲು ಹೋದಷ್ಟೇ ಬೇಗ ಬರುತ್ತಿದ್ದಳು. ಆಮೇಲೆ ತಡವಾಗತೊಡಗಿತು. ಇಸ್ತ್ರಿಪೆಟ್ಟಿಗೆ ಕಾದು ಕೂತಿರುತ್ತಿತ್ತು, ಇವಳ ಸುಳಿವಿಲ್ಲ. ಬಂದಾಗ ಮುಖ ಕೆಂಪಗೆ, ಹಣೆಯ ಕೂದಲೆಲ್ಲ ಒದ್ದೆ.

"ಎಲ್ಲಿಗೆ ಹೋಗಿದ್ದೆ?" ಎಂದೆ.

"ಟವೆಲ್ ಎಣಿಸಿ ಇಟ್ಟು ಬಂದೆ."

"ಟವೆಲ್ ಎಣಿಸಿದರೆ ಬೆವರು ಬರುತ್ತಾ?"

ತಲೆ ಬಗ್ಗಿಸಿ ಅಂಗಿಯ ತೋಳು ಎಳೆದು ಇಸ್ತ್ರಿ ಶುರು ಮಾಡಿದಳು. ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಿದರೆ ಅನುಮಾನ ಎರಡರಷ್ಟಾಗುತ್ತದೆ.

ಹೆಂಡತಿಯ ಕಿವಿಯಲ್ಲಿ ವಿಷಯ ಹಾಕಿದೆ. ಅವಳದೂ ಒಂದು ದೂರಿತ್ತು. "ರೀ, ನಿಮ್ಮ ತಂಗಿ ನಮ್ಮ ಜೊತೆ ಊಟಕ್ಕೆ ಕೂರೋದೇ ಬಿಟ್ಟಿದಾಳೆ. ಮೊಟ್ಟೆ ಬೇಯಿಸಿ ಬಿಳಿ ಮಾತ್ರ ತಿಂತಾಳೆ. ಹಳದಿ ಎಲ್ಲ ನನ್ನ ತಟ್ಟೆಗೆ. ಅವಳು ದಿನದಿನಕ್ಕೆ ಇಳೀತಿದಾಳೆ, ನಾನು ಊದ್ತಿದೀನಿ."

"ಕಾಯಿಲೆ ಏನಾದರೂ?"

"ಕಾಯಿಲೆಯವರು ಸಿಲಿಂಡರ್ ಎತ್ತಿ ಒಂದೇ ಕೈಯಲ್ಲಿ ಅಡುಗೆಮನೆಗೆ ತರ್ತಾರಾ? ನಿನ್ನೆ ತಂದಳು. ನಾನು ಬಾಗಿಲು ತೆಗೆಯೋಕೂ ಮುಂಚೆ ಒಳಗೆ ಬಂದಿತ್ತು."

ಇದರಲ್ಲಿ ಏನೋ ಇದೆ ಎಂದು ನನಗೆ ಖಾತ್ರಿಯಾಯಿತು. ನಂತರ ಆ ಬೆಡ್‌ಶೀಟ್ ಸಿಕ್ಕಿತು.

ಅವಳ ಕೋಣೆಯ ಬಟ್ಟೆಯನ್ನು ಅವಳೇ ಒಗೆದುಕೊಳ್ಳುತ್ತಾಳೆ. ಒಂದು ದಿನ ಗಿರಾಕಿಗಳ ರಾಶಿಯ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ ಮಡಚಿಟ್ಟ ಅವಳ ಬೆಡ್‌ಶೀಟ್ ನನ್ನ ಕೈಗೆ ಬಂತು. ಬಿಡಿಸಿ ನೋಡಿದರೆ ಕಂದು ಬಣ್ಣ. ಒಂದು ತೋಳಿನ ಅಚ್ಚು, ಒಂದು ತೊಡೆಯ ಅಚ್ಚು, ಮನುಷ್ಯರೇ ಕರಗಿ ಹೋದ ಹಾಗೆ. ಮೂಸಿದೆ. ಚಹಾ ಅಲ್ಲ, ತುಕ್ಕಲ್ಲ, ರಕ್ತವಂತೂ ಅಲ್ಲ. ಸಿಹಿ ವಾಸನೆ. ಸ್ಪಿರಿಟ್ ಹಚ್ಚಿದರೆ ಹರಡಿತು, ಸೋಪು ಹಚ್ಚಿದರೆ ಹಳದಿಯಾಯಿತು. ಇಷ್ಟು ವರ್ಷದ ಕಸುಬಿನಲ್ಲಿ ನನಗೆ ಹೆಸರು ಗೊತ್ತಾಗದ ಕಲೆ ಅದೊಂದೇ. ನನ್ನ ಮನೆಯಲ್ಲೇ, ನನ್ನ ತಂಗಿಯ ಹಾಸಿಗೆಯ ಮೇಲೆ. ನನಗೆ ಪಿತ್ತ ನೆತ್ತಿಗೇರಿತು.

ಮಾರನೆಯ ಬೆಳಗ್ಗೆ ಅವಳು ಗಂಟು ಹೊತ್ತು ಹೊರಟ ಮೇಲೆ ನಾನೂ ಹಿಂದೆ ಹೊರಟೆ. ಜಿಮ್ಮಿನ ಬೀದಿಯ ಕಡೆಗೆ ದೊಡ್ಡ ಗಾಜು. ಅದರ ಹೊರಗೆ ನಿಂತು ನೋಡಿದೆ. ಟವೆಲ್ಲಿನ ಗಂಟು ನೆಲದ ಮೇಲಿತ್ತು. ಕನ್ನಡಿಯ ಮುಂದೆ, ಒಂದು ಮರದ ಪೆಟ್ಟಿಗೆಯ ಮೇಲೆ, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ನನ್ನ ತಂಗಿ ನಿಂತಿದ್ದಳು. ತೋಳಿಲ್ಲದ ಬನಿಯನ್, ಮೊಣಕಾಲು ಕಾಣುವ ಚಡ್ಡಿ. ಒಂದು ಕೈ ಸೊಂಟದ ಮೇಲೆ. ಮಾಸ್ಟರ್ ದೂರದಲ್ಲಿ ನಿಂತು ಕೂಗುತ್ತಿದ್ದ, "ನಗಿ ಅಕ್ಕ. ಹಲ್ಲು ಕಾಣಲಿ. ಹಲ್ಲುನೋವು ಬಂದವರ ಹಾಗೆ ಅಲ್ಲ."

ಅಕ್ಕ ಎನ್ನುವವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ. ಬಾಗಿಲು ದೂಡಿ ಒಳಗೆ ನುಗ್ಗಿದೆ.

"ಇದೇನಾ ಟವೆಲ್ ಎಣಿಸೋದು?"

ತಂಗಿ ಪೆಟ್ಟಿಗೆಯಿಂದ ಇಳಿಯಲು ಹೋಗಿ ಚಪ್ಪಲಿ ಹೊರಳಿ ಮುಗ್ಗರಿಸಿದಳು. ಮಾಸ್ಟರ್ ಹಿಡಿಯಲು ಕೈ ಚಾಚಿದ. "ಮುಟ್ಟಬೇಡ" ಎಂದೆ. ಅವನು ಕೈ ಹಿಂದೆಗೆದು ಎರಡು ಹೆಜ್ಜೆ ಸರಿದು ನಿಂತ. ನನ್ನಂಥವರು ಇಬ್ಬರನ್ನು ಎತ್ತಿ ಆಚೆ ಇಡಬಲ್ಲ ಆಳು, ಆದರೂ ಸರಿದ.

"ಯಜಮಾನ್ರೇ, ಕೂತ್ಕೊಳ್ಳಿ, ಹೇಳ್ತೀನಿ."

"ನೀನು ಹೇಳಬೇಡ. ಅವಳು ಹೇಳಲಿ."

ತಂಗಿ ನೆಲ ನೋಡಿಕೊಂಡು, ಒಂದೊಂದೇ ಮಾತು ಕಿತ್ತುಕೊಟ್ಟಳು. ಇಸ್ತ್ರಿ ಮಾಡಿ ಮಾಡಿ ಬಲಭುಜ ನೋಯುತ್ತಿತ್ತಂತೆ. ಗಂಟು ಇಳಿಸುವಾಗ ಅವಳು ಮುಖ ಕಿವುಚಿದ್ದು ನೋಡಿ ಮಾಸ್ಟರ್ ಒಂದೆರಡು ವ್ಯಾಯಾಮ ಹೇಳಿಕೊಟ್ಟನಂತೆ. ನೋವು ಹೋಯಿತು, ಇವಳು ನಿಲ್ಲಿಸಲಿಲ್ಲ. ಬಲಗಡೆ ಬೆನ್ನು, ಭುಜ ಇಸ್ತ್ರಿಯಿಂದಲೇ ತಯಾರಾಗಿದೆ, ಎಡಗಡೆಯನ್ನು ಸಮ ಮಾಡಿದರೆ ಸಾಕು, ಸ್ಪರ್ಧೆಗೇ ನಿಲ್ಲಬಹುದು ಎಂದು ಅವನೇ ಹೇಳಿದನಂತೆ. ಊರಿನ ದೊಡ್ಡ ಸಭಾಂಗಣದಲ್ಲಿ ಇನ್ನು ಕೆಲವೇ ವಾರದಲ್ಲಿ ಫಿಟ್‌ನೆಸ್ ಸ್ಪರ್ಧೆ, ಮೂವತ್ತೈದು ದಾಟಿದ ಹೆಂಗಸರಿಗೆ ಬೇರೆ ವಿಭಾಗ.

"ಬೆಡ್‌ಶೀಟ್ ಮೇಲಿನ ಕಲೆ?"

"ವೇದಿಕೆಗೆ ಹೋಗುವಾಗ ಮೈಗೆ ಹಚ್ಚೋ ಬಣ್ಣ ಅಣ್ಣ. ದೀಪದ ಬೆಳಕಿಗೆ ಮೈಕಟ್ಟು ಕಾಣೋಕೆ. ಹಿಂದಿನ ದಿನವೇ ಹಚ್ಚಿ ಮಲಗಬೇಕು. ಹಚ್ಚಿ ನೋಡಿದ್ದೆ."

"ಇಷ್ಟೆಲ್ಲ ಕಲಿಸೋಕೆ ಇವನಿಗೆ ಏನು ಕೊಟ್ಟೆ?"

"ಏನೂ ಕೊಟ್ಟಿಲ್ಲ."

ಅಲ್ಲಿಯವರೆಗೆ ನನಗೆ ಅನುಮಾನ ಮಾತ್ರ ಇತ್ತು, ಈಗ ಖಾತ್ರಿಯಾಯಿತು. ಪುಕ್ಕಟೆ ಯಾರೂ ಗಾಳಿಯನ್ನೂ ಬೀಸುವುದಿಲ್ಲ. ಮಾಸ್ಟರ್ ಕಡೆ ತಿರುಗಿದೆ. ಅವನು ತಲೆ ಕೆರೆದುಕೊಂಡ. "ಹೆಂಗಸರಿಗೆ ಹೇಳಿಕೊಡ್ತಿದ್ದವಳು ಬಿಟ್ಟು ಹೋದಳು. ಹೆಂಗಸರೂ ಬರೋದು ಕಮ್ಮಿ ಆಯಿತು. ಅಕ್ಕ ವೇದಿಕೆ ಮೇಲೆ ನಿಂತು ಬಂದರೆ ಹೆಂಗಸರ ತರಬೇತಿ ಪೂರಾ ಅವರ ಕೈಗೆ ಕೊಡ್ತೀನಿ. ಸಂಬಳದ ಕೆಲಸ. ಅದಕ್ಕೇ."

"ಅಂಗಡಿ ಬಿಡಿಸೋ ಉಪಾಯ" ಎಂದೆ.

ಆಗ ತಂಗಿ ತಲೆಯೆತ್ತಿದಳು. "ಅಣ್ಣ, ಆ ಕೆಲಸ ನನಗೆ ಬೇಕು."

ಬೇಕು ಎನ್ನುವ ಮಾತು ಅವಳ ಬಾಯಿಂದ ಅದಕ್ಕೆ ಮೊದಲು ಯಾವಾಗ ಕೇಳಿದ್ದೆನೋ ನೆನಪಿಲ್ಲ. ಹೊಸ ಚಪ್ಪಲಿ ಬೇಕಾ ಎಂದರೆ ಇರೋದೇ ಸಾಕು, ಔಷಧಿ ಬೇಕಾ ಎಂದರೆ ತಾನೇ ಹೋಗುತ್ತೆ, ಇದೇ ಅವಳ ಉತ್ತರ. ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. "ಸ್ಪರ್ಧೆಗೆ ನಾನೂ ಬರ್ತೀನಿ. ಏನು ನಡೆಯುತ್ತೆ ಅಂತ ಕಣ್ಣಾರೆ ನೋಡ್ತೀನಿ" ಎಂದಷ್ಟೇ ಹೇಳಿ ಹೊರಬಂದೆ.

ಮನೆಯಲ್ಲಿ ಮುಂದಿನ ಜಗಳ ಸ್ಪರ್ಧೆಯ ಉಡುಗೆಯದು. ಎರಡು ತುಂಡು, ಮಿಂಚುವ ಬಟ್ಟೆ, ಅಂಚಿಗೆ ಹೊಳೆಯುವ ಹರಳು. ಕೈಯಲ್ಲಿ ಹಿಡಿದು ನೋಡಿದೆ. "ಇದನ್ನ ಗಿರಾಕಿ ತಂದರೆ ಕರವಸ್ತ್ರದ ಲೆಕ್ಕದಲ್ಲಿ ತಗೋಬೇಕು" ಎಂದೆ. ಹೆಂಡತಿ ಬಾಯಿಗೆ ಸೆರಗು ಮುಚ್ಚಿ ನಕ್ಕಳು. ತಂಗಿ ನಗಲಿಲ್ಲ.

"ಈಜೋ ಹುಡುಗೀರು ಹಾಕಲ್ವಾ ಅಣ್ಣ?"

"ಅವರು ನೀರಲ್ಲಿರ್ತಾರೆ."

"ನಾನು ಇಷ್ಟು ವರ್ಷ ಕೋಟುಗಳ ಹಿಂದೆ ಇದ್ದೆ. ಅದರಿಂದ ಯಾರಿಗೆ ಏನು ಒಳ್ಳೇದಾಯಿತು ಹೇಳು."

ಉತ್ತರವಿಲ್ಲದಾಗ ನಾನು ಜೋರಾಗಿ ಮಾತಾಡುತ್ತೇನೆ, ಆವತ್ತೂ ಮಾತಾಡಿದೆ. ಅವಳು ಉಡುಗೆ ಮಡಚಿಟ್ಟು ಮೊಟ್ಟೆ ಬೇಯಿಸಲು ಹೋದಳು.

ಸ್ಪರ್ಧೆಯ ದಿನ ಮೂವರೂ ಹೊರಟೆವು, ಅವಳು, ನಾನು, ಮಾಸ್ಟರ್. ಹೆಂಡತಿ ಅಂಗಡಿ ನೋಡಿಕೊಂಡಳು. ತಂಗಿ ಮುಖದಿಂದ ಪಾದದವರೆಗೆ ಕಂದು ಬಣ್ಣ ಹಚ್ಚಿಕೊಂಡು, ಮೇಲೆ ಕಪ್ಪು ದೊಗಲೆ ಬಟ್ಟೆ ಹಾಕಿಕೊಂಡಿದ್ದಳು. ಬಾಯಾರಿದರೂ ಗುಟುಕಿನಷ್ಟೇ ನೀರು. "ಇದು ಯಾವ ಶಿಕ್ಷೆ?" ಎಂದು ಮಾಸ್ಟರನ್ನು ಕೇಳಿದೆ. "ನೀರು ಕುಡಿದರೆ ಮೈಕಟ್ಟು ಕಾಣಲ್ಲ. ಇವತ್ತೊಂದು ದಿನ ಯಜಮಾನ್ರೇ" ಎಂದ. ಅವನ ಚೀಲದಲ್ಲಿ ಏನೇನಿದೆ ಎಂದು ತೆಗೆಸಿ ನೋಡಿದೆ. ಔಷಧಿ, ಸೂಜಿ ಏನಾದರೂ ಇದ್ದರೆ ಅಲ್ಲೇ ಅವನ ಗ್ರಹಚಾರ ಬಿಡಿಸುತ್ತಿದ್ದೆ. ಬಣ್ಣದ ಡಬ್ಬಿ, ಸ್ಪಂಜು, ರಬ್ಬರ್ ಪಟ್ಟಿ, ಒಣ ಬಿಸ್ಕತ್ತು. ಬಿಸ್ಕತ್ತನ್ನೂ ಮೂಸಿ ನೋಡಿದೆ.

ವೇದಿಕೆಯ ಹಿಂದೆ ಹೆಂಗಸರಿಗೆ ಒಂದು ಉದ್ದನೆಯ ಕೋಣೆ. ಉಡುಗೆ ಹಾಕಿಕೊಂಡಾದ ಮೇಲೆ ಜೊತೆಯವರು ಒಳಗೆ ಹೋಗಬಹುದಿತ್ತು. ಕುರ್ಚಿಗಳಿಗೆಲ್ಲ ಕಂದು ಬಣ್ಣ, ಗೋಡೆಗೆ ಕಂದು ಬಣ್ಣ, ಬಾಗಿಲ ಹಿಡಿಗೆ ಕಂದು ಬಣ್ಣ. ಅಷ್ಟು ಕಲೆಗಳ ಮಧ್ಯೆ ಕೈ ಕಟ್ಟಿಕೊಂಡು ನಿಲ್ಲುವುದು ನನ್ನಂಥವನಿಗೆ ಎಷ್ಟು ಕಷ್ಟವೆಂದು ಬೇರೆಯವರಿಗೆ ತಿಳಿಯದು. ತಂಗಿಯ ವಿಭಾಗದಲ್ಲಿ ಆರು ಜನ. ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ಅಳೆಯುತ್ತಿದ್ದರು. ಇವಳ ಭುಜ ನೋಡು, ಅವಳ ಕಾಲು ನೋಡು, ಇವಳು ಏನು ನುಂಗಿ ಬಂದಿದ್ದಾಳೋ. ಬಾಯಲ್ಲಿ ಮಾತ್ರ, "ಎಷ್ಟು ಚೆನ್ನಾಗಿದೆ ನಿಮ್ಮ ಬೆನ್ನು." ಆ ಕೋಣೆಯಲ್ಲಿ ನನಗೆ ನಮ್ಮ ಮನೆಯಲ್ಲೇ ಇದ್ದ ಹಾಗಾಯಿತು.

ಅವರಲ್ಲಿ ಒಬ್ಬಾಕೆ ಆಸ್ಪತ್ರೆಯ ನರ್ಸು. ಎತ್ತರದ ಹೆಂಗಸು, ತಿಳಿನೀಲಿ ಉಡುಗೆ, ಅದರ ತುಂಬ ಸಾಲುಸಾಲು ಹರಳು. ಎಲ್ಲರಿಗಿಂತ ಚೆನ್ನಾಗಿ ತಯಾರಾಗಿ ಬಂದವಳು ಎಂದು ನನಗೂ ಕಂಡಿತು. ಅವಳು ತಂಗಿಯ ಹತ್ತಿರ ಬಂದು, "ಹಿಂದಿನ ಗಂಟು ಸ್ವಲ್ಪ ಬಿಗಿ ಮಾಡ್ತೀರಾ? ನನ್ನ ಜೊತೆ ಯಾರೂ ಬಂದಿಲ್ಲ" ಎಂದಳು. ತಂಗಿ ಬಿಗಿ ಮಾಡಿಕೊಟ್ಟಳು. ಕೈ ತೆಗೆದಾಗ ತಿಳಿನೀಲಿಯ ಮೇಲೆ ಕಂದು ಬೆರಳಿನ ಗುರುತು.

ಕಲೆ ಕಂಡಿತು. ನಮ್ಮ ಮನೆಯ ಕೈ ಸುಮ್ಮನಿರಲಿಲ್ಲ. "ಒಂದು ನಿಮಿಷ ನಿಲ್ಲಿ, ಈಗ ತೆಗೀತೀನಿ" ಎಂದವಳೇ ಚೀಲದಿಂದ ಸ್ಪಿರಿಟ್ ಶೀಸೆ ತೆಗೆದು, ಹತ್ತಿಗೆ ಹಾಕಿ, ಗುರುತಿನ ಮೇಲೆ ಒತ್ತಿದಳು. ಹಸಿ ಗುರುತಾದ್ದರಿಂದ ಕಲೆ ಹೋಯಿತು. ಜೊತೆಗೆ ಹರಳೂ ಹೊರಟವು. ಒಂದು ಬಿತ್ತು, ಇನ್ನೊಂದು ಬಿತ್ತು, ನೋಡುನೋಡುತ್ತ ಇಡೀ ಸಾಲು ಟಪಟಪನೆ ನೆಲಕ್ಕೆ ಉದುರಿತು. ಹರಳು ಅಂಟಿಸಿದ ಬಟ್ಟೆಯನ್ನು ನಮ್ಮ ಅಂಗಡಿಗೆ ನಾವು ಸೇರಿಸುವುದೇ ಇಲ್ಲ, ಬೇರೆ ಕಡೆ ಹೋಗಿ ಎನ್ನುತ್ತೇವೆ. ಹಾಗಾಗಿ ಆ ಅಂಟು ಸ್ಪಿರಿಟ್ ತಾಗಿದರೆ ಕರಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ನರ್ಸು ಬಗ್ಗಿ ಒಂದು ಹರಳು ಎತ್ತಿಕೊಂಡಳು. ಕೂಗಾಡಲಿಲ್ಲ. ತಣ್ಣಗೆ ಹೇಳಿದಳು.

"ಚೀಲದಲ್ಲಿ ಸ್ಪಿರಿಟ್ ಇಟ್ಕೊಂಡು ಸ್ಪರ್ಧೆಗೆ ಬರ್ತಾರಾ ಯಾರಾದರೂ?"

ಅಷ್ಟು ಸಾಕಾಯಿತು. ಉಳಿದವರು ತಮ್ಮ ತಮ್ಮ ಉಡುಗೆ ಮುಟ್ಟಿ ನೋಡಿಕೊಂಡು ದೂರ ಸರಿದರು. ಕುತ್ತಿಗೆಗೆ ಬಿಲ್ಲೆ ನೇತುಹಾಕಿಕೊಂಡ ಸಂಘಟಕನೊಬ್ಬ ಬಂದ. ವಿಷಯ ಕೇಳಿದ, ಶೀಸೆ ನೋಡಿದ.

"ಬೇಕಂತಲೇ ಮಾಡಿದ್ದರೆ ಇವರನ್ನ ವೇದಿಕೆಗೆ ಬಿಡೋಕಾಗಲ್ಲ" ಎಂದ.

ನಾನು ಮಾಸ್ಟರ್ ಕಡೆ ನೋಡಿದೆ. ಈಗಲಾದರೂ ಬಾಯಿ ಬಿಡುತ್ತಾನೇನೋ ಎಂದುಕೊಂಡೆ. ಅವನು ಗೋಡೆಯ ಕಡೆ ತಿರುಗಿ ಫೋನು ಒತ್ತುತ್ತಿದ್ದ. ನನಗೆ ಗೊತ್ತಿತ್ತು, ಇವನು ಇಂಥವನೇ ಎಂದು. ಆದರೆ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ತಂಗಿಯ ಮೇಲೂ ಒಂದು ಅನುಮಾನ ಸುಳಿದು ಹೋಯಿತು. ಆ ಕೆಲಸ ಬೇಕು ಎಂದವಳಲ್ಲವೇ ಇವಳು? ಎಲ್ಲರಿಗಿಂತ ಚೆನ್ನಾಗಿದ್ದವಳ ಉಡುಗೆಯೇ ಯಾಕೆ ಹಾಳಾಗಬೇಕು? ಆ ಅನುಮಾನದ ಸಿಟ್ಟನ್ನು ಸಂಘಟಕನ ಮೇಲೆ ತೀರಿಸಿಕೊಂಡೆ.

"ಯಾರಿಗೆ ಹೇಳ್ತಿದೀಯ ಬೇಕಂತ ಅಂತ? ನನ್ನ ತಂಗಿ ಜನ್ಮದಲ್ಲಿ ಇರುವೆಗೂ ನೋವು ಮಾಡಿದವಳಲ್ಲ. ಬಿಲ್ಲೆ ಹಾಕ್ಕೊಂಡ ತಕ್ಷಣ ದೊಡ್ಡ ಮನುಷ್ಯ ಆಗಿಬಿಟ್ಟೆಯಾ?"

"ನೋಡಿ, ಇವರನ್ನ ಹೊರಗೆ ಕಳಿಸಿ. ಇಲ್ಲಾಂದ್ರೆ ಇಬ್ಬರೂ ಹೊರಡಿ."

ನಾನು ಅವನ ಕಾಲರಿಗೆ ಕೈ ಹಾಕುವವನಿದ್ದೆ. ಹಿಂದಿನಿಂದ ನನ್ನ ಮುಂಗೈಯನ್ನು ಯಾರೋ ಹಿಡಿದರು. ಹಿಡಿತ ಹೇಗಿತ್ತೆಂದರೆ, ಮಾಸ್ಟರ್ ಎಂದುಕೊಂಡೆ. ತಿರುಗಿ ನೋಡಿದರೆ ತಂಗಿ.

"ಅಣ್ಣ, ಸುಮ್ಮನಿರು. ನೀನು ಬಾಯಿ ಹಾಕಿದರೆ ಆಗೋ ಕೆಲಸವೂ ಕೆಡುತ್ತೆ."

ಬೇರೆ ಯಾರಾದರೂ ಹೀಗೆಂದಿದ್ದರೆ ಅವರ ಕಥೆ ಬೇರೆಯಾಗುತ್ತಿತ್ತು. ನಾನು ಗೋಡೆಗೆ ಒರಗಿ ನಿಂತೆ.

ಅವಳು ನರ್ಸಿನ ಎದುರಿಗೆ ಹೋಗಿ ನಿಂತಳು. "ನಾವು ಬಟ್ಟೆ ಒಗೆಯೋರು. ಕಲೆ ಕಂಡರೆ ತೆಗೆಯೋದೇ ಅಭ್ಯಾಸ. ಶೀಸೆ ಯಾವಾಗಲೂ ಚೀಲದಲ್ಲಿ ಇರುತ್ತೆ. ಅಂಟು ಬಿಡುತ್ತೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮುಟ್ತಿರಲಿಲ್ಲ. ತಪ್ಪಾಯಿತು."

"ಗೊತ್ತಿರಲಿಲ್ಲ ಅಂತ ನಾನು ಹೇಗೆ ನಂಬಲಿ?" ಎಂದಳು ನರ್ಸು. "ನಿಮ್ಮ ಹರಳು ಎಲ್ಲ ನೆಟ್ಟಗೇ ಇವೆಯಲ್ಲ."

ತಂಗಿ ಒಂದು ಕ್ಷಣ ತನ್ನ ಉಡುಗೆ ನೋಡಿಕೊಂಡಳು. ಆಮೇಲೆ ಹತ್ತಿಯ ದೊಡ್ಡ ಉಂಡೆಗೆ ಸ್ಪಿರಿಟ್ ಸುರಿದು, ತನ್ನದೇ ಸೊಂಟದ ಅಂಚಿಗೆ ಒತ್ತಿದಳು. ಹರಳು ಉದುರಿದವು. ಎಡಕ್ಕೆ ಒತ್ತಿದಳು, ಬಲಕ್ಕೆ ಒತ್ತಿದಳು, ಎದೆಯ ಅಂಚಿಗೆ ಒತ್ತಿದಳು. ಯಾರೂ ತಡೆಯಲಿಲ್ಲ. ಸ್ಪಿರಿಟ್ ತಾಗಿದ ಕಡೆಯೆಲ್ಲ ಮೈಯ ಬಣ್ಣವೂ ಎದ್ದು, ಸೊಂಟದ ಸುತ್ತ ಬಿಳಿಚಿದ ಪಟ್ಟಿಗಳಾದವು. ವೇದಿಕೆಯ ದೀಪದಲ್ಲಿ ಅದು ಎಷ್ಟು ಕೆಟ್ಟದಾಗಿ ಕಾಣುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಈಗ ಇಬ್ಬರದೂ ಒಂದೇ" ಎಂದಳು. "ನಿಮ್ಮದರಲ್ಲಿ ಉಳಿದಿರೋ ಹರಳನ್ನೂ ತೆಗೆದುಬಿಡ್ತೀನಿ, ಮೈಗೆ ತಾಗದ ಹಾಗೆ. ಅರ್ಧ ಇದ್ದರೆ ಹರಿದ ಹಾಗೆ ಕಾಣುತ್ತೆ. ಪೂರಾ ಇಲ್ಲದಿದ್ದರೆ ಹಾಗೇ ಹೊಲಿಸಿದ್ದು ಅಂದ್ಕೋತಾರೆ. ನಿಮ್ಮಿಷ್ಟ."

ನರ್ಸು ಅವಳ ಮುಖವನ್ನೇ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ನಿಂತಳು. "ತೆಗೀರಿ."

ತಂಗಿ ಬಟ್ಟೆಯ ಅಡಿಗೆ ಒಣ ಹತ್ತಿ ಇಟ್ಟು, ಮೇಲಿನಿಂದ ಒಂದೊಂದೇ ಹರಳು ಬಿಡಿಸಿದಳು. ಕೆಲಸ ಮುಗಿದಾಗ ತಿಳಿನೀಲಿ ಉಡುಗೆ ಸಾದಾ, ಅಚ್ಚುಕಟ್ಟು. ನರ್ಸು ಕನ್ನಡಿಯಲ್ಲಿ ನೋಡಿಕೊಂಡಳು. ಚೆನ್ನಾಗಿದೆ ಎನ್ನಲಿಲ್ಲ. ಮೇಜಿನ ಮೇಲಿದ್ದ ಬಣ್ಣದ ಸ್ಪಂಜು ತೆಗೆದುಕೊಂಡು ತಂಗಿಯ ಮುಂದೆ ಮಂಡಿಯೂರಿದಳು.

"ಅಲ್ಲಾಡಬೇಡಿ. ಉಸಿರು ಹಿಡ್ಕೊಳ್ಳಿ" ಎಂದಳು, ಸೂಜಿ ಚುಚ್ಚುವವರ ದನಿಯಲ್ಲಿ. "ನಿಮ್ಮನ್ನ ಇನ್ನೂ ಪೂರಾ ನಂಬಿಲ್ಲ ನಾನು. ಆದರೆ ಹೀಗೆ ಹೋದರೆ ನೋಡೋಕಾಗಲ್ಲ."

ಸಂಘಟಕ, ಇಬ್ಬರೂ ಹೋಗಿ ಎಂದು ವೇದಿಕೆಯ ಕಡೆ ಕೈ ತೋರಿಸಿ, ಶೀಸೆಯನ್ನು ಜೇಬಿಗೆ ಹಾಕಿಕೊಂಡು ಹೋದ. ಅದನ್ನು ಅವನು ಇವತ್ತಿಗೂ ವಾಪಸು ಕೊಟ್ಟಿಲ್ಲ.

ನಾನು ಸಭಾಂಗಣಕ್ಕೆ ಹೋಗಿ ಕೂತೆ. ತುಂಬ ಜನ. ಆರೂ ಹೆಂಗಸರು ವೇದಿಕೆಗೆ ಬಂದು ಬೆನ್ನು ತೋರಿಸಿ ಸಾಲಾಗಿ ನಿಂತರು. ಪಕ್ಕದ ಗಂಡಸು ಮುಂದಕ್ಕೆ ಬಾಗಿ, "ಕೊನೆಯವರ ಬೆನ್ನು ನೋಡಿ" ಎಂದ. ಕೊನೆಯವಳೆಂದರೆ ನನ್ನ ತಂಗಿ.

"ನೀನು ಯಾಕೆ ನೋಡಬೇಕು?" ಎಂದೆ.

"ಅವರ ಪಕ್ಕದಲ್ಲಿ ನಿಂತಿರೋಳು ನನ್ನ ಹೆಂಡತಿ. ಅಯ್ಯೋ, ಇವಳ ಗತಿ ಏನಪ್ಪಾ ಅಂತ ನೋಡಿದೆ" ಎಂದು ಅವನು ನಿಟ್ಟುಸಿರು ಬಿಟ್ಟ. ಅವನ ಮಾತನ್ನು ಅರ್ಧ ನಂಬಿದೆ.

ಮೈಕಿನಲ್ಲಿ ಮತ್ತೆ ಕೂಗಿದರು. ಬಲಕ್ಕೆ ತಿರುಗಿ, ಹಿಂದಕ್ಕೆ ತಿರುಗಿ, ಎಡಕ್ಕೆ ತಿರುಗಿ. ಹಿಂದಕ್ಕೆ ತಿರುಗಿದಾಗ ಅವಳ ಬೆನ್ನನ್ನು ನಾನೂ ನೋಡಿದೆ. ಎಷ್ಟೋ ವರ್ಷ ಅದೇ ಬೆನ್ನು ನನ್ನ ಕಣ್ಣೆದುರಿಗೆ ಇಸ್ತ್ರಿ ಮೇಜಿನ ಮೇಲೆ ಬಾಗಿತ್ತು. ಅಂಗಿಯ ಒಳಗೆ ಇಂಥದ್ದೊಂದು ಇದೆಯೆಂದು ಯಾರಿಗೆ ಗೊತ್ತಿತ್ತು? ಮುಂದಕ್ಕೆ ತಿರುಗಿದಾಗ ಅವಳು ನಗುತ್ತಿದ್ದಳು. ಹಲ್ಲುನೋವಿನ ನಗು ಅಲ್ಲ. ಸೊಂಟದ ಬಳಿ ತೇಪೆಯ ಬಣ್ಣ ದೀಪಕ್ಕೆ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಅವಳು ಕೈ ಅತ್ತ ಒಯ್ಯಲಿಲ್ಲ.

ನರ್ಸಿಗೆ ಎರಡನೆಯ ಸ್ಥಾನ. ತಂಗಿಗೆ ನಾಲ್ಕನೆಯದು. ಪದಕ ಮೂವರಿಗೆ ಮಾತ್ರ. ತೀರ್ಪುಗಾರರಲ್ಲಿ ಒಬ್ಬ ಮೊದಲ ಸ್ಥಾನದವಳ ನೆಂಟನಿರಬೇಕೆಂದು ನನಗೆ ಅನಿಸಿತು. ಮೂಗು ಒಂದೇ ಥರ ಇತ್ತು. ತಂಗಿ, "ಸುಮ್ಮನೆ ನಡಿ ಅಣ್ಣ" ಎಂದಳು. ಹೊರಗೆ ಬರುವಾಗ ನರ್ಸು ಅವಳನ್ನು ನಿಲ್ಲಿಸಿ ಏನೋ ಮಾತಾಡಿದಳು. ಏನೆಂದು ಕೇಳಿದೆ, ಹೇಳಲಿಲ್ಲ.

ಮಾಸ್ಟರ್ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತಾಡದವನ ಹೊಟ್ಟೆಯಲ್ಲಿ ಲೆಕ್ಕ ನಡೆಯುತ್ತಿರುತ್ತದೆ. ಮಾರನೆಯ ದಿನ ತಂಗಿ ಜಿಮ್ಮಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅವನು ನಮ್ಮನ್ನು ಕೂರಿಸಿ, ಬೆರಳು ಮುರಿಯುತ್ತ ಶುರು ಮಾಡಿದ.

"ಅಕ್ಕ, ಮೂರರೊಳಗೆ ಬಂದಿದ್ದರೆ ಬೋರ್ಡಿನ ಮೇಲೆ ಫೋಟೋ ಹಾಕಿಸ್ತಿದ್ದೆ. ಈಗ ಹೆಂಗಸರಿಗೆ ಏನಂತ ಹೇಳಲಿ? ಸದ್ಯಕ್ಕೆ ಸ್ವಲ್ಪ ಸಹಾಯ ಮಾಡ್ತಾ ಇರಿ. ಆಮೇಲೆ ನೋಡೋಣ."

ನಾನು ತೊಡೆ ತಟ್ಟಿಕೊಂಡೆ. ಮೊದಲ ದಿನದಿಂದ ಹೇಳಿದ್ದು ಇದನ್ನೇ ಅಲ್ಲವೇ? ಬೈಯಲು ನನ್ನ ಬಳಿ ಮಾತು ಸಾಲುಗಟ್ಟಿ ನಿಂತಿದ್ದವು. ಆದರೆ ತಂಗಿ ನನಗಿಂತ ಮುಂಚೆ ಬಾಯಿ ತೆರೆದಳು.

"ಸಹಾಯ ಅಂದರೆ ಸಂಬಳ ಇಲ್ಲದೆ, ಅಲ್ವಾ ಮಾಸ್ಟರ್?"

"ಹಾಗಂತ ಅಲ್ಲ, ಕಲಿಯೋಕೂ ಒಂದು ಅವಕಾಶ..."

"ವೇದಿಕೆ ಮೇಲೆ ನಿಂತು ಬಂದರೆ ಅಂದಿರಿ. ಗೆದ್ದರೆ ಅಂತ ಅಂದಿರಲಿಲ್ಲ. ನಿಂತು ಬಂದೆ. ನಿನ್ನೆ ನನ್ನನ್ನ ಕಳ್ಳಿ ಥರ ನೋಡಿದಾಗ ನೀವು ಗೋಡೆ ನೋಡ್ತಿದ್ರಿ. ಆಗಲೂ ನಾನೇ ನಿಂತೆ."

ಮಾಸ್ಟರ್ ನನ್ನ ಕಡೆ ನೋಡಿದ. ಗಂಡಸರು ಗಂಡಸರು ಮಾತಾಡಿಕೊಳ್ಳೋಣ ಎನ್ನುವ ನೋಟ.

"ಅಣ್ಣನ ಕಡೆ ನೋಡಬೇಡಿ. ಕೆಲಸ ಕೇಳ್ತಿರೋಳು ನಾನು" ಎಂದಳು. "ಆ ನರ್ಸ್ ಹೋಗೋ ಜಿಮ್ಮಲ್ಲೂ ಹೆಂಗಸರಿಗೆ ಹೇಳಿಕೊಡೋರು ಬೇಕಂತೆ. ಬಂದು ಮಾತಾಡಿ ಅಂದಿದಾರೆ. ನೀವು ಭುಜದ ನೋವು ತೆಗೆದಿರಿ, ಕಲಿಸಿದಿರಿ. ಅದಕ್ಕೇ ಮೊದಲು ಇಲ್ಲಿಗೆ ಬಂದೆ. ಕೊಡ್ತೀನಿ ಅಂದರೆ ಇವತ್ತೇ ಹೇಳಿ. ಇಲ್ಲ ಅಂದರೂ ಇವತ್ತೇ ಹೇಳಿ. ನೋಡೋಣ ಅನ್ನೋ ಮಾತು ಬೇಡ."

ನರ್ಸು ನಿಜವಾಗಿ ಹಾಗೆ ಹೇಳಿದ್ದಳೋ, ಇವಳೇ ಕಟ್ಟಿ ಹೇಳಿದಳೋ ನನಗೆ ಗೊತ್ತಾಗಲಿಲ್ಲ. ಅವಳ ಮುಖವನ್ನು ಚೆನ್ನಾಗಿ ನೋಡಿದೆ. ಸುಳ್ಳು ಹೇಳಿದರೆ ಅವಳ ಕಿವಿ ಕೆಂಪಾಗುತ್ತದೆ. ಆದರೆ ಕಿವಿಯ ಮೇಲೆ ಹಿಂದಿನ ದಿನದ ಬಣ್ಣ ಇನ್ನೂ ಹೋಗಿರಲಿಲ್ಲ. ಮಾಸ್ಟರ್ ಸಹ ನೋಡಿದ. ಅವನಿಗೂ ಅದೇ ಅನುಮಾನ ಬಂದಿರಬೇಕು. ಆದರೆ ಬರೀ ಅನುಮಾನದ ಮೇಲೆ ಅವಳನ್ನು ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

"ಸೋಮವಾರದಿಂದ ಬನ್ನಿ" ಎಂದ.

"ಸಂಬಳಕ್ಕೆ?"

"ಸಂಬಳಕ್ಕೆ."

"ಅದರ ಮುಂದಿನ ಸೋಮವಾರ ಬರ್ತೀನಿ. ಅಣ್ಣನ ಅಂಗಡಿಗೆ ಇಸ್ತ್ರಿಗೆ ಒಬ್ಬರು ಸಿಗಬೇಕು, ಅಲ್ಲೀವರೆಗೆ ಆಗಲ್ಲ."

ಇದನ್ನು ನನ್ನನ್ನು ಕೇಳದೆ ಹೇಳಿದಳು. ಅಷ್ಟರಲ್ಲಿ ವ್ಯಾಯಾಮಕ್ಕೆ ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ಅನುಮಾನಿಸುತ್ತ ನಿಂತಳು. ತಂಗಿ ಎದ್ದು ಹೋಗಿ ಅವಳನ್ನು ಒಳಗೆ ಕರೆದುಕೊಂಡು, ಎಲ್ಲಿ ನೋವು, ಯಾವಾಗಿಂದ ಎಂದು ಕೇಳುತ್ತ ಆಚೆ ಕೋಣೆಗೆ ನಡೆದಳು.

ಮಾಸ್ಟರ್ ನನ್ನ ಹತ್ತಿರ ಕುರ್ಚಿ ಎಳೆದುಕೊಂಡ. ದನಿ ತಗ್ಗಿಸಿ ಕೇಳಿದ, "ಯಜಮಾನ್ರೇ, ನಿಮ್ಮ ತಂಗಿ ಮೊದಲಿಂದಲೂ ಹೀಗೇನಾ?"

"ನನ್ನನ್ನೇನು ಕೇಳ್ತೀಯ" ಎಂದೆ. "ನಾನೂ ಈಗಲೇ ನೋಡ್ತಿರೋದು."